ಟಿ1135 ತುಂಬುವ ಮುನ್ನ: ಊರಿನ ಆಸ್ತಿಯನ್ನು ಕೆನಡಾದ ತೆರಿಗೆ ಲೆಕ್ಕಕ್ಕೆ ತರುವ ಸಮಗ್ರ ಮಾರ್ಗದರ್ಶಿ

“ಅಂಕಲ್, ವಿದೇಶದಲ್ಲಿ ಆಸ್ತಿ ಏನಾದ್ರೂ ಇದೆಯಾ?”

“ವಿದೇಶದಲ್ಲಾ? ಇಲ್ಲಪ್ಪ. ಏನಿದ್ರೂ ಎಲ್ಲಾ ಊರಲ್ಲೇ.”

ಬ್ರಾಂಪ್ಟನ್‌ನ ಒಂದು ಮನೆಯಲ್ಲಿ, ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಕೇಳಿದ ಪ್ರಶ್ನೆ ಅದು. ಅವರು ಸುಳ್ಳು ಹೇಳಲಿಲ್ಲ. ಅವರ ಪಾಲಿಗೆ ವಿದೇಶ ಅಂದರೆ ಕೆನಡಾ. ತುಮಕೂರಿನ ಬಾಡಿಗೆ ಮನೆ, ಜಯನಗರದ ಬ್ಯಾಂಕಿನ ಎಫ್‌ಡಿ, ಇವೆಲ್ಲ ಊರು. ನಾನೂ ‘ಇಲ್ಲ’ ಅಂತ ಗುರುತು ಹಾಕಿ ಮುಂದಿನ ಪುಟಕ್ಕೆ ಹೋದೆ. ಎರಡು ವರ್ಷವಾದ ಮೇಲೆ, ಕಾಫಿ ಕುಡಿಯುತ್ತಾ, “ಬಾಡಿಗೆಯವನು ಮೂರು ತಿಂಗಳಿಂದ ಸತಾಯಿಸ್ತಿದಾನೆ” ಅಂದರು. ಆಗ ನನ್ನ ಎದೆ ಧಸಕ್ಕೆಂದಿತು.

ಕೆನಡಾದಲ್ಲಿ ಕನ್ನಡಿಗ ಕುಟುಂಬಗಳಿಗೆ ಹಣಕಾಸು ಸಲಹೆ ಕೊಡುವವರು, ರಿಟರ್ನ್ ಮಾಡಿಕೊಡುವವರು ವರ್ಷಾವರ್ಷ ಎಡವುವುದು ಇಲ್ಲೇ. ಟಿ1135 ಎಂದರೆ ವಿದೇಶಿ ಆಸ್ತಿಯ ವಿವರವನ್ನು ಕೆನಡಾದ ಕಂದಾಯ ಸಂಸ್ಥೆ ಸಿಆರ್‌ಎಗೆ ಕೊಡುವ ಫಾರಂ. ಅದು ಕಷ್ಟದ್ದಲ್ಲ. ಅರ್ಧ ಗಂಟೆಯ ಕೆಲಸ. ಆದರೆ ಬಹಳ ಮಂದಿ ಫಾರಂ ತೆರೆದು ಕೂತುಬಿಡುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ, ದಿನಾಂಕವನ್ನಂತೂ ಕೇಳುವುದೇ ಇಲ್ಲ. ಕ್ರಮ ತಿರುಗುಮುರುಗಾದರೆ ಇಲ್ಲಿ ಪ್ರತಿ ಅಂಕಿಯೂ ತಪ್ಪುತ್ತದೆ. ಮೊದಲು ದಿನಾಂಕ, ಆಮೇಲೆ ಪ್ರಶ್ನೆ, ಆಮೇಲೆ ಬೆಲೆ, ಕೊನೆಗೆ ಫಾರಂ.

## ಕೂರುವ ಮೊದಲು ಕೈಯಲ್ಲಿ ಇರಬೇಕಾದ್ದು

ಇದನ್ನು ಏಪ್ರಿಲ್‌ನಲ್ಲಿ ಶುರು ಮಾಡಬೇಡಿ. ಊರಿನಿಂದ ಕಾಗದ ಬರಬೇಕು. ಅಲ್ಲಿ ಓಡಾಡಬೇಕಾದವರು ಗ್ರಾಹಕರ ತಮ್ಮನೋ ಭಾವನೋ ಆಗಿರುತ್ತಾರೆ, ಅವರಿಗೂ ಅವರದೇ ಕೆಲಸವಿರುತ್ತದೆ. ಜನವರಿಯಲ್ಲೇ ಪಟ್ಟಿ ಕಳಿಸಿ.

ಗ್ರಾಹಕರಿಂದ ಬೇಕಾದ್ದು: ಪಾಸ್‌ಪೋರ್ಟಿನ ಮೊದಲ ಪ್ರವೇಶದ ಮುದ್ರೆ ಅಥವಾ ಪರ್ಮಿಟ್, ಆಸ್ತಿಯ ಕ್ರಯಪತ್ರ ಅಥವಾ ದಾನಪತ್ರ, ಖಾತಾ, ಜಮೀನಾದರೆ ಪಹಣಿ, ಬ್ಯಾಂಕಿನ ಜನವರಿಯಿಂದ ಡಿಸೆಂಬರ್‌ವರೆಗಿನ ಸ್ಟೇಟ್‌ಮೆಂಟ್, ಡಿಮ್ಯಾಟ್ ಸ್ಟೇಟ್‌ಮೆಂಟ್, ಟಿಡಿಎಸ್ ತೋರಿಸುವ 26ಎಎಸ್. ಕಂಪನಿ ಕೊಟ್ಟ ಷೇರುಗಳು ಅಮೆರಿಕದ ಬ್ರೋಕರ್ ಬಳಿ ಇದ್ದರೆ ಅದರ ಸ್ಟೇಟ್‌ಮೆಂಟ್ ಕೂಡ.

ನಿಮ್ಮ ಕಡೆಯಿಂದ ಬೇಕಾದ್ದು ಒಂದು ಸ್ಪ್ರೆಡ್‌ಶೀಟ್ ಮತ್ತು ಬ್ಯಾಂಕ್ ಆಫ್ ಕೆನಡಾದ ವಿನಿಮಯ ದರದ ಪುಟ. ಸ್ಪ್ರೆಡ್‌ಶೀಟಿನಲ್ಲಿ ಏಳು ಕಾಲಂ ಸಾಕು: ಆಸ್ತಿ, ಯಾರ ದುಡ್ಡು, ಯಾವ ದಿನಾಂಕದ ಬೆಲೆ, ರೂಪಾಯಿ ಮೊತ್ತ, ಅಂದಿನ ದರ, ಡಾಲರ್ ಮೊತ್ತ, ಪುರಾವೆ ಯಾವ ಫೈಲಿನಲ್ಲಿದೆ. ಕೊನೆಯ ಕಾಲಂ ಖಾಲಿ ಬಿಡುವವರೇ ಆಮೇಲೆ ಒದ್ದಾಡುವುದು.

## ಹಂತ 1: ನಿವಾಸಿಯಾದ ದಿನವನ್ನು ಗೊತ್ತುಮಾಡಿ

ಎಲ್ಲ ಲೆಕ್ಕವೂ ಈ ಒಂದು ದಿನಾಂಕದ ಮೇಲೆ ನಿಂತಿದೆ. ತೆರಿಗೆಯ ಕಣ್ಣಲ್ಲಿ ನಿವಾಸಿ ಆಗುವುದಕ್ಕೂ ಪಿಆರ್ (ಕಾಯಂ ವಾಸದ ಅನುಮತಿ) ಕಾರ್ಡಿಗೂ ನೇರ ಸಂಬಂಧವಿಲ್ಲ. ವರ್ಕ್ ಪರ್ಮಿಟ್ ಮೇಲೆ ಬಂದು ಇಲ್ಲಿ ಮನೆ ಮಾಡಿ, ಹೆಂಡತಿ ಮಕ್ಕಳನ್ನು ಕರೆಸಿಕೊಂಡು ನೆಲೆ ನಿಂತವರು ಪಿಆರ್ ಬರುವ ಮುಂಚೆಯೇ ನಿವಾಸಿ ಆಗಿರುತ್ತಾರೆ. ಓದಲು ಬಂದವರಲ್ಲೂ ಎಷ್ಟೋ ಮಂದಿ ಆಗಿರುತ್ತಾರೆ. “ಪಿಆರ್ ಆದಮೇಲೆ ತಾನೇ ಇದೆಲ್ಲ?” ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲೇ ನಿಲ್ಲಿಸಿ.

ಈ ದಿನಾಂಕದಿಂದ ಎರಡು ವಿಷಯ ತೀರ್ಮಾನವಾಗುತ್ತವೆ. ಮೊದಲನೆಯದು, ಜೀವನದಲ್ಲಿ ಮೊದಲ ಬಾರಿ ಕೆನಡಾ ನಿವಾಸಿಯಾದ ವ್ಯಕ್ತಿಗೆ ಆ ವರ್ಷದ ಟಿ1135 ಬೇಡ. 2023ರ ಆಗಸ್ಟ್‌ನಲ್ಲಿ ಬಂದವರಿಗೆ 2023ಕ್ಕೆ ವಿನಾಯಿತಿ. ಮೊದಲ ಫಾರಂ 2024ರದ್ದು, ಅದರ ಗಡುವು 2025ರ ಏಪ್ರಿಲ್ 30. ಇಲ್ಲಿ ಒಂದು ಮುಳ್ಳಿದೆ. ಹತ್ತು ವರ್ಷದ ಹಿಂದೆ ಇಲ್ಲಿದ್ದು, ಬೆಂಗಳೂರಿಗೆ ವಾಪಸ್ ಹೋಗಿ, ಈಗ ಮತ್ತೆ ಬಂದವರಿಗೆ ಈ ವಿನಾಯಿತಿ ಎರಡನೇ ಸಲ ಸಿಗುವುದಿಲ್ಲ. “ಮುಂಚೆ ಯಾವಾಗಲಾದರೂ ಇಲ್ಲಿದ್ರಾ?” ಅಂತ ಕೇಳಲೇಬೇಕು.

ಎರಡನೆಯದು ಇನ್ನೂ ದೊಡ್ಡದು. ನಿವಾಸಿಯಾದ ದಿನ ಅವರ ಬಳಿ ಇದ್ದ ವಿದೇಶಿ ಆಸ್ತಿಯನ್ನೆಲ್ಲ ಅವತ್ತಿನ ಮಾರುಕಟ್ಟೆ ಬೆಲೆಗೆ ಹೊಸದಾಗಿ ಕೊಂಡರು ಎಂದು ಕಾನೂನು ಎಣಿಸುತ್ತದೆ. ಇದರ ಪರಿಣಾಮ ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

## ಹಂತ 2: ‘ವಿದೇಶ’ ಎಂಬ ಪದ ಬಿಟ್ಟು ಕೇಳಿ

ಟಿ1 ಎಂಬ ವೈಯಕ್ತಿಕ ತೆರಿಗೆ ರಿಟರ್ನಿನ 26600ನೇ ಸಾಲು ಕೇಳುವುದು ‘ವಿದೇಶಿ ಆಸ್ತಿ’ ಎಂದೇ. ಅದನ್ನು ಹಾಗೇ ಓದಿ ಹೇಳಿದರೆ ನನಗೆ ಸಿಕ್ಕ ಉತ್ತರವೇ ನಿಮಗೂ ಸಿಗುತ್ತದೆ. ಪ್ರಶ್ನೆಯನ್ನು ಒಡೆದು, ವಸ್ತುವಿನ ಹೆಸರು ಹಿಡಿದು ಕೇಳಿ. ನಾನೀಗ ಕೇಳುವುದು ಹೀಗೆ:

ಊರಲ್ಲಿ ಮನೆ, ಫ್ಲಾಟು, ಸೈಟು ನಿಮ್ಮ ಹೆಸರಲ್ಲಿದೆಯಾ? ಅದರಲ್ಲಿ ಯಾರಿದ್ದಾರೆ? ಬಾಡಿಗೆ ಬರುತ್ತಾ, ಲೀಸಿಗೆ ಹಾಕಿದ್ದೀರಾ?

ಪಹಣಿಯಲ್ಲಿ ನಿಮ್ಮ ಹೆಸರು ಇದೆಯಾ? ಅಪ್ಪ ತೀರಿಕೊಂಡ ಮೇಲೆ ಭಾಗ ಆಯ್ತಾ?

ಎನ್‌ಆರ್‌ಇ, ಎನ್‌ಆರ್‌ಒ ಎಂಬ ಅನಿವಾಸಿ ಖಾತೆಗಳು, ಹಳೇ ಸಂಬಳದ ಖಾತೆ ಯಾವ ಯಾವ ಬ್ಯಾಂಕಲ್ಲಿ? ಅಮ್ಮನ ಜೊತೆ ಜಾಯಿಂಟ್ ಇದೆಯಾ?

ಎಲ್‌ಐಸಿ, ಪಿಪಿಎಫ್, ಮ್ಯೂಚುಯಲ್ ಫಂಡಿನ ಎಸ್‌ಐಪಿ ಇನ್ನೂ ನಡೀತಿದೆಯಾ?

ಯಾರಿಗಾದರೂ ಸಾಲ ಕೊಟ್ಟಿದ್ದೀರಾ?

ಲಾಕರ್‌ನಲ್ಲಿ ಏನಿದೆ?

ಕಂಪನಿ ಷೇರು ಕೊಟ್ಟಿದೆಯಾ? ಇಲ್ಲಿನ ಬ್ರೋಕರ್ ಖಾತೆಯಲ್ಲಿ ಅಮೆರಿಕದ ಷೇರು ಕೊಂಡಿದ್ದೀರಾ?

ಸಾಲದ ಪ್ರಶ್ನೆಗೆ ಹೆಚ್ಚಿನವರು ನಗುತ್ತಾರೆ. ದಾವಣಗೆರೆಯ ಭಾವಮೈದುನನಿಗೆ ಅಂಗಡಿ ಹಾಕಲು ಕೊಟ್ಟ 15 ಲಕ್ಷ ಅವರ ನೆನಪಿನಲ್ಲಿ ಸಾಲವೇ ಅಲ್ಲ, ‘ಕೊಟ್ಟಿದ್ದು’ ಅಷ್ಟೇ. ವಾಪಸ್ ಬರಬೇಕಾದ ದುಡ್ಡಾದರೆ ಅದು ಅನಿವಾಸಿಯಿಂದ ಬರಬೇಕಾದ ಬಾಕಿ, ಅದೂ ಪಟ್ಟಿಗೆ ಸೇರುತ್ತದೆ. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿದ್ದು ಕೊಟ್ಟಿದ್ದರೆ ಅದು ಉಡುಗೊರೆ. ಯಾವುದೆಂದು ಗ್ರಾಹಕರೇ ಹೇಳಬೇಕು. ಅದನ್ನು ಗಂಡ ಹೆಂಡತಿ ಇಬ್ಬರೂ ಕೂತಿರುವಾಗ ಕೇಳುವುದು ಬೇಡ ಎಂಬುದು ನನ್ನ ಅನುಭವ.

## ಹಂತ 3: ಸೇರುವುದನ್ನೂ ಬಿಡುವುದನ್ನೂ ಬೇರ್ಪಡಿಸಿ

ಮನೆ. ಅಪ್ಪ ಅಮ್ಮ ಬಾಡಿಗೆ ಕೊಡದೆ ವಾಸವಿರುವ, ನೀವು ರಜೆಗೆ ಹೋದಾಗ ಇಳಿದುಕೊಳ್ಳುವ ಮನೆ ಸ್ವಂತ ಬಳಕೆಯದು. ಹತ್ತಿರದ ಬಂಧುಗಳ ಬಳಕೆಯೂ ಸ್ವಂತ ಬಳಕೆಯೆಂದೇ ಲೆಕ್ಕ. ಅದು ಪಟ್ಟಿಗೆ ಬೇಡ. ಬಾಡಿಗೆಗೆ ಕೊಟ್ಟ ಮನೆ ಬೇಕು. ಲೀಸಿಗೆ ಹಾಕಿದ ಮನೆಯೂ ಬೇಕು, ಮತ್ತು ಬೆಂಗಳೂರಿನವರ ಫೈಲುಗಳಲ್ಲಿ ತಪ್ಪಿಹೋಗುವುದು ಇದೇ. “ಬಾಡಿಗೆ ಒಂದು ರೂಪಾಯೀನೂ ಬರಲ್ಲ” ಅನ್ನುತ್ತಾರೆ. ನಿಜವೇ, ಏಕೆಂದರೆ 12 ಲಕ್ಷ ಒಟ್ಟಿಗೆ ಇಸಕೊಂಡು ಭೋಗ್ಯಕ್ಕೆ ಕೊಟ್ಟಿರುತ್ತಾರೆ. ಬಾಡಿಗೆ ಇಲ್ಲದ ಮಾತ್ರಕ್ಕೆ ಅದು ಸ್ವಂತ ಬಳಕೆ ಆಗುವುದಿಲ್ಲ.

ಖಾಲಿ ಸೈಟು. ಬೆಲೆ ಏರಲಿ ಎಂದು ಇಟ್ಟುಕೊಂಡದ್ದು ಹೂಡಿಕೆ. ಬೇಕು. “ಮುಂದೆ ಮನೆ ಕಟ್ಟೋಣ ಅಂತ” ಎನ್ನುವ ಮಾತೊಂದರಿಂದಲೇ ಅದನ್ನು ಸ್ವಂತ ಬಳಕೆಗೆ ತಳ್ಳುವ ಧೈರ್ಯ ನನಗಿಲ್ಲ.

ಪಿತ್ರಾರ್ಜಿತ ಜಮೀನು. ಭಾಗವಾಗಿ, ಪಹಣಿಯಲ್ಲಿ ಹೆಸರು ಬಂದು, ಪಾಲು ನಿಗದಿಯಾಗಿದ್ದರೆ ಸುಲಭ. ಭಾಗವಾಗದೆ ಒಟ್ಟು ಕುಟುಂಬದಲ್ಲೇ ಇದ್ದರೆ ನೀವಾಗಿ ತೀರ್ಮಾನಿಸಬೇಡಿ. ಆ ಕಡೆಯ ವಕೀಲರಿಂದ ಪಾಲಿನ ಬಗ್ಗೆ ಬರಹದಲ್ಲಿ ಅಭಿಪ್ರಾಯ ತರಿಸಿ, ಈ ಕಡೆಯ ತೆರಿಗೆ ವಕೀಲರಿಗೆ ತೋರಿಸಿ.

ಚಿನ್ನ. ಸರ, ಬಳೆ, ಓಲೆ, ಹಾಕಿಕೊಳ್ಳುವ ಒಡವೆ ಸ್ವಂತ ಬಳಕೆ. ಅದೇ ಲಾಕರ್‌ನಲ್ಲಿ ಧನತೇರಸ್‌ಗೆ ಕೊಂಡ ಬಿಸ್ಕತ್ತು, ನಾಣ್ಯ ಇದ್ದರೆ ಅದು ಗಟ್ಟಿ ಚಿನ್ನ, ಪಟ್ಟಿಗೆ ಸೇರುತ್ತದೆ.

ಷೇರು. ಇಲ್ಲಿನ ಆರ್‌ಆರ್‌ಎಸ್‌ಪಿ, ಟಿಎಫ್‌ಎಸ್‌ಎ, ಎಫ್‌ಎಚ್‌ಎಸ್‌ಎ ಎಂಬ ತೆರಿಗೆ ಸೌಲಭ್ಯದ ಉಳಿತಾಯ ಖಾತೆಗಳ ಒಳಗಿರುವ ಅಮೆರಿಕದ ಷೇರು ಬೇಡ. ಮಾಮೂಲಿ ತೆರಿಗೆ ಬೀಳುವ ಖಾತೆಯಲ್ಲಿದ್ದರೆ, ಬ್ರೋಕರ್ ಕೆನಡಾದವರೇ ಆದರೂ, ಬೇಕು. ಕೆನಡಾದ ಇಟಿಎಫ್ (ಷೇರುಪೇಟೆಯಲ್ಲಿ ಕೊಳ್ಳುವ ಫಂಡು) ಕೊಂಡು ಅದು ಒಳಗೆ ಅಮೆರಿಕದ ಷೇರು ಹಿಡಿದಿದ್ದರೆ ಬೇಡ. ಗಟ್ಟಿ ಅನುಭವವಿರುವ ಸಲಹೆಗಾರರೂ ಇಲ್ಲಿ ಜಾರುತ್ತಾರೆ, ಏಕೆಂದರೆ ದುಡ್ಡು ಟೊರೊಂಟೊದಲ್ಲೇ ಇದೆಯಲ್ಲ ಅನ್ನಿಸುತ್ತದೆ.

ಜಾಯಿಂಟ್ ಖಾತೆ. ಪಾಸ್‌ಬುಕ್ಕಿನಲ್ಲಿ ಎರಡು ಹೆಸರಿದ್ದರೆ ಅರ್ಧರ್ಧ ಅಂತಲ್ಲ. ಯಾರು ಎಷ್ಟು ಹಾಕಿದರೋ ಅಷ್ಟು ಅವರ ಪಾಲು. ಅಮ್ಮನ ಪಿಂಚಣಿ ಬರುವ ಖಾತೆಗೆ ಅನುಕೂಲಕ್ಕೆಂದು ಮಗನ ಹೆಸರು ಸೇರಿಸಿದ್ದರೆ ದುಡ್ಡು ಅಮ್ಮನದು. ಹಾಗೆಂದು ಒಂದು ಟಿಪ್ಪಣಿ ಬರೆಸಿ, ಪಿಂಚಣಿ ಜಮೆಯ ಸ್ಟೇಟ್‌ಮೆಂಟ್ ಜೊತೆ ಫೈಲಿಗೆ ಹಾಕಿ.

## ಹಂತ 4: ಬೆಲೆ ಕಟ್ಟುವುದು, ತಪ್ಪುಗಳ ತವರು

ಫಾರಂ ಕೇಳುವುದು ಇವತ್ತಿನ ಬೆಲೆಯನ್ನಲ್ಲ, ತೆರಿಗೆ ಲೆಕ್ಕದ ಅಸಲನ್ನು. ಅಸಲು ಎಂದರೆ ಕೊಟ್ಟ ದುಡ್ಡು ಅಂದುಕೊಂಡರೆ ಅರ್ಧ ಸರಿ ಅಷ್ಟೇ. ಆಸ್ತಿ ಹೇಗೆ ಬಂತು ಎಂಬುದರ ಮೇಲೆ ಮೂರು ದಾರಿಗಳಿವೆ.

ಇಲ್ಲಿಗೆ ಬರುವ ಮುಂಚೆಯೇ ಇದ್ದ ಆಸ್ತಿಗೆ: ನಿವಾಸಿಯಾದ ದಿನದ ಮಾರುಕಟ್ಟೆ ಬೆಲೆ, ಅದೇ ದಿನದ ವಿನಿಮಯ ದರ. 2014ರಲ್ಲಿ ಎಷ್ಟಕ್ಕೆ ಕೊಂಡಿದ್ದರು ಎಂಬುದು ಕೆನಡಾಕ್ಕೆ ಬೇಡ.

ಇಲ್ಲಿಗೆ ಬಂದ ಮೇಲೆ ಕೊಂಡ ಆಸ್ತಿಗೆ: ಕೊಟ್ಟ ಬೆಲೆ, ನೋಂದಣಿ ಖರ್ಚು, ಮುದ್ರಾಂಕ ಶುಲ್ಕ ಸೇರಿಸಿ, ಕೊಂಡ ದಿನದ ದರದಲ್ಲಿ.

ಇಲ್ಲಿಗೆ ಬಂದ ಮೇಲೆ ದಾನವಾಗಿಯೋ ಪಿತ್ರಾರ್ಜಿತವಾಗಿಯೋ ಬಂದ ಆಸ್ತಿಗೆ: ಕೈಗೆ ಬಂದ ದಿನದ ಮಾರುಕಟ್ಟೆ ಬೆಲೆ. “ನಾನು ಒಂದು ಪೈಸೆ ಕೊಟ್ಟಿಲ್ಲ, ಅಸಲು ಸೊನ್ನೆ” ಎಂದು ಗ್ರಾಹಕರು ವಾದಿಸುತ್ತಾರೆ. ಅದಕ್ಕೆ ತಲೆದೂಗಿದರೆ ಇವತ್ತು ಫಾರಂ ತಪ್ಪುತ್ತದೆ, ಮುಂದೆ ಮಾರಿದ ದಿನ ಪೂರ್ತಿ ಮೊತ್ತವೇ ಲಾಭವಾಗಿ ಕಾಣುತ್ತದೆ.

ಷೇರಿಗೆ ಆ ದಿನದ ಮುಕ್ತಾಯದ ದರ ಸಿಗುತ್ತದೆ, ಮ್ಯೂಚುಯಲ್ ಫಂಡಿಗೆ ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) ಸಿಗುತ್ತದೆ, ಬ್ಯಾಂಕಿಗೆ ಬ್ಯಾಲೆನ್ಸ್ ಸಿಗುತ್ತದೆ. ಕಷ್ಟವೆಲ್ಲ ಸೈಟು ಮನೆಗಳದ್ದು. ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ಹಿಂದಿನ ದಿನಾಂಕಕ್ಕೆ ವರದಿ ಮಾಡಿಸುವುದು ಸರಿಯಾದ ದಾರಿ. ವರದಿಯಲ್ಲಿ ‘ಈ ದಿನಾಂಕದಂದು ಇದ್ದ ಬೆಲೆ’ ಎಂದು ನಿವಾಸಿಯಾದ ದಿನ ಸ್ಪಷ್ಟವಾಗಿ ಬರೆದಿರಬೇಕು. ವರದಿ ಮಾಡಿದ ದಿನದ ಬೆಲೆ ಬರೆದುಕೊಟ್ಟರೆ ವಾಪಸ್ ಕಳಿಸಿ.

ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಮಾರ್ಗಸೂಚಿ ಬೆಲೆ ಸಾಲದೇ ಎಂದು ಕೇಳುತ್ತಾರೆ. ಅದು ಆಸರೆಗೆ ಇರಲಿ. ಎಷ್ಟೋ ಬಡಾವಣೆಗಳಲ್ಲಿ ಅದು ನಿಜವಾದ ವ್ಯವಹಾರದ ಬೆಲೆಗಿಂತ ಕೆಳಗಿರುತ್ತದೆ, ಮತ್ತು ಕೆಳಗಿನ ಅಂಕಿ ಹಿಡಿದರೆ ನಷ್ಟ ಗ್ರಾಹಕರಿಗೇ. ಹಾಗೆಂದು ಬೆಲೆ ಉಬ್ಬಿಸಲೂ ಬೇಡಿ. ಟಿ1135ಕ್ಕೆ ಕಡಿಮೆ ಬೆಲೆ, ಮಾರುವಾಗ ಲಾಭ ಕುಗ್ಗಿಸಲು ಹೆಚ್ಚು ಬೆಲೆ ಎಂದು ಎರಡು ಅಂಕಿ ಇಟ್ಟುಕೊಂಡ ಫೈಲುಗಳನ್ನು ನೋಡಿದ್ದೇನೆ. ಎರಡೂ ಕಡೆ ಒಂದೇ ಅಂಕಿ ಇರಬೇಕು, ಅದರ ಹಿಂದೆ ಒಂದೇ ವರದಿ ಇರಬೇಕು.

ಇನ್ನೊಂದು ಮಾತು: ಊರಿನ ಗೃಹಸಾಲವನ್ನು ಅಸಲಿನಿಂದ ಕಳೆಯುವಂತಿಲ್ಲ. 60 ಲಕ್ಷದ ಫ್ಲಾಟಿನ ಮೇಲೆ 45 ಲಕ್ಷ ಸಾಲವಿದ್ದರೂ ಪಟ್ಟಿಗೆ ಹೋಗುವುದು 60. ಲೀಸಿನ ಮುಂಗಡವೂ ಹಾಗೆಯೇ.

## ಹಂತ 5: ಒಂದು ಲಕ್ಷ ಡಾಲರಿನ ಗೆರೆ ದಾಟಿದೆಯೇ ನೋಡಿ

ಗೆರೆ ಇರುವುದು ಕೆನಡಾದ 1,00,000 ಡಾಲರ್. ತಲಾ ಒಬ್ಬರಿಗೆ, ಎಲ್ಲ ಆಸ್ತಿಯ ಅಸಲು ಕೂಡಿಸಿ, ವರ್ಷದ ಯಾವುದೇ ಒಂದು ದಿನ ಅದಕ್ಕಿಂತ ಹೆಚ್ಚಾಗಿದ್ದರೆ ಫಾರಂ ಬೇಕು. ಫೆಬ್ರವರಿಯಲ್ಲಿ ಮಾರಿ ಡಿಸೆಂಬರ್ 31ಕ್ಕೆ ಏನೂ ಉಳಿದಿರದಿದ್ದರೂ ಬೇಕು. ತೆರಿಗೆ ಬಾಕಿ ಇಲ್ಲದಿದ್ದರೂ ಬೇಕು. ಗೆರೆ ದಾಟಿದ ಮೇಲೆ ದೊಡ್ಡದನ್ನು ಮಾತ್ರ ಬರೆಯುವಂತಿಲ್ಲ, ಮರೆತುಹೋದ ಉಳಿತಾಯ ಖಾತೆಯ ನಾಲ್ಕು ಸಾವಿರ ರೂಪಾಯಿಯೂ ಸೇರಬೇಕು.

ಒಂದು ಮಾದರಿ ನೋಡಿ. ಲೆಕ್ಕದ ಸುಲಭಕ್ಕೆ ಎಲ್ಲ ಕಡೆ ಡಾಲರಿಗೆ 60 ರೂಪಾಯಿ ಹಿಡಿಯುತ್ತೇನೆ. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು 2021ರ ಆಗಸ್ಟ್‌ನಲ್ಲಿ ಮಿಸಿಸಾಗಾಕ್ಕೆ ಬಂದರು ಎನ್ನಿ. ಮೈಸೂರಿನಲ್ಲಿ 2014ರಲ್ಲಿ 18 ಲಕ್ಷಕ್ಕೆ ಕೊಂಡ ಸೈಟು, ಬಂದ ದಿನ ಅದರ ಬೆಲೆ 42 ಲಕ್ಷ. ಅಸಲು 70,000 ಡಾಲರ್. ಎನ್‌ಆರ್‌ಒ ಠೇವಣಿ 12 ಲಕ್ಷ, ಅಂದರೆ 20,000. ಒಟ್ಟು 90,000. 2022, 2023 ಎರಡೂ ವರ್ಷ ಫಾರಂ ಬೇಕಿಲ್ಲ, ಸಲಹೆಗಾರರು ಸರಿಯಾಗಿಯೇ ‘ಇಲ್ಲ’ ಅಂದರು.

2024ರ ಮಾರ್ಚಿನಲ್ಲಿ ಅವರ ಅಮೆರಿಕದ ಕಂಪನಿ ಕೊಟ್ಟ ಷೇರುಗಳು ಕೈಗೆ ಬಂದವು. ಅವತ್ತಿನ ಬೆಲೆ ಕೆನಡಾದ 15,000 ಡಾಲರ್, ಅಷ್ಟೂ ಸಂಬಳಕ್ಕೆ ಸೇರಿ ತೆರಿಗೆ ಕಟ್ಟಿದ್ದಾರೆ, ಹಾಗಾಗಿ ಅಸಲೂ 15,000. ಒಟ್ಟು 1,05,000. ಗೆರೆ ದಾಟಿತು. ಊರಿನಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಿಲ್ಲ, ಆದರೂ ಮೈಸೂರಿನ ಸೈಟು ಆ ವರ್ಷದಿಂದ ಫಾರಂ ಒಳಗೆ ಬಂದು ಕೂತಿತು. ‘ಕಳೆದ ವರ್ಷ ಬೇಕಿರಲಿಲ್ಲ’ ಎಂಬ ಹಳೇ ಟಿಪ್ಪಣಿ ನೋಡಿ ಮುಂದೆ ಹೋಗುವವರು ಸಿಕ್ಕಿಬೀಳುವುದು ಹೀಗೆ. ಪ್ರತಿ ವರ್ಷವೂ ಕೂಡಿಸಬೇಕು.

ಮಾರಾಟ ಮಾಡಿದ ವರ್ಷ ಇನ್ನೊಂದು ಗೊಂದಲ. ಸೈಟು ಹೋಗಿ ದುಡ್ಡು ಖಾತೆಗೆ ಬಂತು. ಗೆರೆಯ ಲೆಕ್ಕಕ್ಕೆ ಎರಡನ್ನೂ ಕೂಡಿಸಬೇಡಿ, ಒಂದೇ ದಿನ ಎರಡೂ ಇರಲಿಲ್ಲ. ಆದರೆ ಫಾರಂ ಬೇಕಾದಾಗ ಎರಡನ್ನೂ ಅವುಗಳ ಜಾಗದಲ್ಲಿ ತೋರಿಸಬೇಕು.

## ಹಂತ 6: ಆದಾಯವನ್ನು ರಿಟರ್ನಿಗೆ ಹೊಂದಿಸಿ

ಫಾರಂನಲ್ಲಿ ಪ್ರತಿ ಆಸ್ತಿಯ ಆದಾಯವನ್ನೂ ಕೇಳುತ್ತಾರೆ. ಅದು ರಿಟರ್ನಿನ ಅಂಕಿಗೆ ತಾಳೆಯಾಗಬೇಕು. ಇಲ್ಲಿ ಭಾರತದ ಅಭ್ಯಾಸಗಳು ಕಾಲಿಗೆ ತೊಡರುತ್ತವೆ.

ಭಾರತದ ವರ್ಷ ಏಪ್ರಿಲ್‌ನಿಂದ ಮಾರ್ಚ್, ಇಲ್ಲಿಯದು ಜನವರಿಯಿಂದ ಡಿಸೆಂಬರ್. ಬ್ಯಾಂಕ್ ಕೊಡುವ ಬಡ್ಡಿ ಪ್ರಮಾಣಪತ್ರವನ್ನು ಹಾಗೇ ತಂದು ಕೂರಿಸಿದರೆ ಎರಡು ವರ್ಷ ಕಲಸುಮೇಲೋಗರ. ಸ್ಟೇಟ್‌ಮೆಂಟಿನಿಂದ ತಿಂಗಳು ತಿಂಗಳು ಹೆಕ್ಕಿ.

ಎನ್‌ಆರ್‌ಇ ಖಾತೆಯ ಬಡ್ಡಿಗೆ, ಪಿಪಿಎಫ್ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಕೆನಡಾದಲ್ಲಿ ಇದೆ. “ಅದು ಟ್ಯಾಕ್ಸ್ ಫ್ರೀ ಸರ್” ಎಂಬ ಮಾತನ್ನು ನಾನು ಕೇಳಿದಷ್ಟು ಬೇರೆ ಯಾವುದನ್ನೂ ಕೇಳಿಲ್ಲ. ಅಲ್ಲಿ ಫ್ರೀ, ಇಲ್ಲಿ ಅಲ್ಲ.

ಐದು ವರ್ಷಕ್ಕೆ ಕೊನೆಯಲ್ಲಿ ಒಟ್ಟಿಗೆ ಬಡ್ಡಿ ಕೊಡುವ ಠೇವಣಿಗಳಿವೆಯಲ್ಲ, ಅವುಗಳ ಬಡ್ಡಿ ಕೈಗೆ ಬಾರದಿದ್ದರೂ ಇಲ್ಲಿ ವರ್ಷ ವರ್ಷ ತೋರಿಸಬೇಕು. ಐದನೇ ವರ್ಷಕ್ಕೆ ಮೂಟೆ ಕಟ್ಟಿ ಇಡುವಂತಿಲ್ಲ.

ಬಾಡಿಗೆಗೆ ಭಾರತದಲ್ಲಿ ಕಣ್ಣುಮುಚ್ಚಿ 30 ಶೇಕಡ ಕಳೆಯುತ್ತಾರೆ. ಇಲ್ಲಿ ಬಾಡಿಗೆ ಆದಾಯದ ಫಾರಂ ಟಿ776ರಲ್ಲಿ ಆ ಸೌಲಭ್ಯವಿಲ್ಲ, ನಿಜವಾಗಿ ಮಾಡಿದ ಖರ್ಚು ಮಾತ್ರ: ಕಂದಾಯ, ರಿಪೇರಿ, ಸಾಲದ ಬಡ್ಡಿ. ರಸೀದಿ ಬೇಕು. ಊರಿನ ಗಾರೆ ಕೆಲಸದವರು ರಸೀದಿ ಕೊಡುವುದಿಲ್ಲ ಎಂಬುದು ನನಗೂ ಗೊತ್ತು. ಯುಪಿಐನಲ್ಲಿ ಕೊಡಲು ಹೇಳಿ, ವಾಟ್ಸಾಪಿನಲ್ಲಿ ಕೆಲಸದ ವಿವರ ಬರೆಸಿಕೊಳ್ಳಲು ಹೇಳಿ, ಅಷ್ಟಾದರೂ ಇರಲಿ.

ಎನ್‌ಆರ್‌ಒ ಬಡ್ಡಿಗೆ ಬ್ಯಾಂಕ್ ಸಾಮಾನ್ಯವಾಗಿ 30 ಶೇಕಡ ಮತ್ತು ಸೆಸ್ ಹಿಡಿದುಕೊಳ್ಳುತ್ತದೆ. ಭಾರತ ಕೆನಡಾ ತೆರಿಗೆ ಒಪ್ಪಂದದಲ್ಲಿ ಬಡ್ಡಿಗೆ ಮಿತಿ 15 ಶೇಕಡ. ಹಿಡಿದ ಅಷ್ಟನ್ನೂ ವಿದೇಶದಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಿಂದ ಕಳೆಯುವ ಫಾರಂ ಟಿ2209ರಲ್ಲಿ ಕ್ರೆಡಿಟ್ ಕೇಳಿದರೆ ಸಿಆರ್‌ಎ ಒಪ್ಪುವುದಿಲ್ಲ. 15ಕ್ಕಿಂತ ಮೇಲಿನದನ್ನು ಭಾರತದಲ್ಲಿ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ಮುಂದಕ್ಕೆ ಹಾಗಾಗದಿರಲು ಸಿಆರ್‌ಎಯಿಂದ ನಿವಾಸ ಪ್ರಮಾಣಪತ್ರ ತರಿಸಿ, ಬ್ಯಾಂಕಿಗೆ ಕೊಟ್ಟು, ಮೊದಲೇ ಒಪ್ಪಂದದ ದರದಲ್ಲಿ ಹಿಡಿಯುವಂತೆ ಕೇಳಲಿ.

ಮೇಲಿನ ಎಂಜಿನಿಯರ್ ಮುಂದೆ ಸೈಟನ್ನು 70 ಲಕ್ಷಕ್ಕೆ ಮಾರಿದರು ಎನ್ನಿ. ಕೆನಡಾದಲ್ಲಿ ಲಾಭ 28 ಲಕ್ಷ, ಅದೇ ದರದಲ್ಲಿ ಸುಮಾರು 46,667 ಡಾಲರ್. ಅದರ ಅರ್ಧಕ್ಕೆ ತೆರಿಗೆ. ಮೂರರಲ್ಲಿ ಎರಡು ಪಾಲಿಗೆ ಏರಿಸುವ ಪ್ರಸ್ತಾಪವನ್ನು ಸರ್ಕಾರ 2025ರ ಮಾರ್ಚ್ 21ರಂದು ಕೈಬಿಟ್ಟಿತು, ಹಳೇ ಲೇಖನ ನೋಡಿಕೊಂಡು ಗ್ರಾಹಕರನ್ನು ಹೆದರಿಸಬೇಡಿ. ಭಾರತ ಮಾತ್ರ 18 ಲಕ್ಷದಿಂದಲೇ ಲಾಭ ಎಣಿಸುತ್ತದೆ. ಎರಡು ದೇಶದ ಲಾಭದ ಅಂಕಿ ಒಂದೇ ಆಗುವುದಿಲ್ಲ, ಆಗಲೂಬಾರದು. ಒಂದೇ ಇದ್ದರೆ ಯಾರೋ ಹಂತ 1 ಬಿಟ್ಟಿದ್ದಾರೆ.

## ಹಂತ 7: ಈಗ ಫಾರಂ ತೆರೆಯಿರಿ

ವರ್ಷ ಪೂರ್ತಿ ಒಟ್ಟು ಅಸಲು 2,50,000 ಡಾಲರಿಗಿಂತ ಕೆಳಗೇ ಇದ್ದರೆ ಭಾಗ ಎ. ಆಸ್ತಿಯ ಬಗೆಗೆ ಗುರುತು, ಹೆಚ್ಚು ಆಸ್ತಿಯಿರುವ ಮೂರು ದೇಶಗಳ ಸಂಕೇತ, ಒಟ್ಟು ಆದಾಯ, ಒಟ್ಟು ಲಾಭ ನಷ್ಟ. ಮುಗಿಯಿತು.

ಯಾವುದೋ ಒಂದು ದಿನ 2,50,000 ಮುಟ್ಟಿದ್ದರೂ ಭಾಗ ಬಿ. ಅಲ್ಲಿ ಏಳು ವರ್ಗಗಳಿವೆ. ಉಳಿತಾಯ ಖಾತೆ 1, ಭಾರತದ ಮತ್ತು ಅಮೆರಿಕದ ಕಂಪನಿಗಳ ಷೇರು 2, ಭಾವಮೈದುನನ ಸಾಲ 3, ಬಾಡಿಗೆ ಮನೆ ಮತ್ತು ಸೈಟು 5, ಎಲ್‌ಐಸಿ ಪಾಲಿಸಿ ಮತ್ತು ಗಟ್ಟಿ ಚಿನ್ನ 6, ಕೆನಡಾದ ಬ್ರೋಕರ್ ಬಳಿಯ ವಿದೇಶಿ ಷೇರು 7. ಭಾರತದ ಮ್ಯೂಚುಯಲ್ ಫಂಡುಗಳು ಟ್ರಸ್ಟ್ ರೂಪದಲ್ಲಿರುವುದರಿಂದ ನಾನು 4ರಲ್ಲಿ ಹಾಕುತ್ತೇನೆ. ಎಫ್‌ಡಿ 1ಕ್ಕೋ 3ಕ್ಕೋ ಎಂದು ನಮ್ಮವರಲ್ಲಿ ಚರ್ಚೆ ನಡೆಯುತ್ತಲೇ ಇರುತ್ತದೆ. ಎರಡರಲ್ಲೂ ಹಾಕಬೇಡಿ, ಒಂದು ವರ್ಷ ಅಲ್ಲಿ ಒಂದು ವರ್ಷ ಇಲ್ಲಿ ಮಾಡಬೇಡಿ.

ವರ್ಷದ ಗರಿಷ್ಠ ಅಸಲು ಕಾಲಂಗೆ ದಿನ ದಿನದ ಬ್ಯಾಲೆನ್ಸ್ ಹುಡುಕಬೇಕಿಲ್ಲ. ತಿಂಗಳ ಕೊನೆಯ ಹನ್ನೆರಡು ಅಂಕಿಗಳಲ್ಲಿ ದೊಡ್ಡದನ್ನು ಹಿಡಿಯಬಹುದು.

ಗಡುವು ರಿಟರ್ನಿನದ್ದೇ: ಏಪ್ರಿಲ್ 30, ಸ್ವಂತ ಉದ್ಯೋಗದವರಿಗೂ ಅವರ ಸಂಗಾತಿಗೂ ಜೂನ್ 15. ರಿಟರ್ನ್ ಕಳಿಸಿದ ತಕ್ಷಣ ಟಿ1135 ಕೂಡ ಹೋಯಿತು ಅಂದುಕೊಳ್ಳಬೇಡಿ. ಸಾಫ್ಟ್‌ವೇರಿನಲ್ಲಿ ಅದಕ್ಕೆ ಬೇರೆ ಗುಂಡಿ, ಬೇರೆ ದೃಢೀಕರಣ ಸಂಖ್ಯೆ. ಆ ಸಂಖ್ಯೆ ಫೈಲಿನಲ್ಲಿ ಇಲ್ಲದಿದ್ದರೆ ಫಾರಂ ಹೋಗಿಲ್ಲ ಎಂದೇ ತಿಳಿಯಿರಿ.

## ಕಳಿಸುವ ಮುನ್ನ ಕಣ್ಣಿಗೆ ಬೀಳಬೇಕಾದ ಅಪಾಯದ ಗುರುತುಗಳು

ಅದೇ ಸೈಟಿನ ಅಸಲು ಕಳೆದ ವರ್ಷ 70,000, ಈ ವರ್ಷ 68,400 ಎಂದಿದ್ದರೆ ಯಾರೋ ಈ ವರ್ಷದ ದರದಲ್ಲಿ ಮತ್ತೆ ಪರಿವರ್ತಿಸಿದ್ದಾರೆ. ಸೈಟಿನ ಡಾಲರ್ ಅಸಲು ಒಮ್ಮೆ ನಿಂತರೆ ಮುಗಿಯಿತು, ಕಟ್ಟಡ ಕಟ್ಟಿದರೆ ಮಾತ್ರ ಏರುತ್ತದೆ.

5ನೇ ವರ್ಗದಲ್ಲಿ ಮನೆಯಿದ್ದು ಆದಾಯ ಸೊನ್ನೆ. ಲೀಸೋ, ಖಾಲಿಯೋ, ಮರೆವೋ? ಉತ್ತರ ಬರೆದಿಡಿ.

26600ರಲ್ಲಿ ‘ಇಲ್ಲ’, ಆದರೆ ವಿದೇಶಿ ತೆರಿಗೆ ಕ್ರೆಡಿಟ್‌ನಲ್ಲಿ ಭಾರತದ ಟಿಡಿಎಸ್. ಗೆರೆಯ ಕೆಳಗಿದ್ದರೆ ಇದು ಸರಿಯಾಗಿರಲೂಬಹುದು, ಆದರೆ ಕೂಡಿಸಿದ ಹಾಳೆ ನಿಮ್ಮ ಬಳಿ ಇರಬೇಕು.

ಗಂಡನ ಫೈಲಿನಲ್ಲಿ ಫಾರಂ ಇದೆ, ಹೆಂಡತಿಯದರಲ್ಲಿ ಇಲ್ಲ, ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆ.

“ಅವರಿಗೆ ಹೇಗೆ ಗೊತ್ತಾಗುತ್ತೆ?” ಎಂದು ಗ್ರಾಹಕರು ಕೇಳಿದರೆ: ಬ್ಯಾಂಕ್ ಖಾತೆಗಳ ಮಾಹಿತಿಯನ್ನು ದೇಶಗಳು ಪರಸ್ಪರ ಕಳಿಸಿಕೊಳ್ಳುವ ವ್ಯವಸ್ಥೆಗೆ ಭಾರತ 2017ರಲ್ಲಿ, ಕೆನಡಾ 2018ರಲ್ಲಿ ಸೇರಿವೆ. ಇಷ್ಟು ಹೇಳಿ ಸುಮ್ಮನಾಗಿ.

## ಹಂತ 8: ಗಡುವು ದಾಟಿದ್ದರೆ

ತಡವಾದರೆ ದಿನಕ್ಕೆ 25 ಡಾಲರ್ ದಂಡ, ಕನಿಷ್ಠ 100, ನೂರು ದಿನಕ್ಕೆ ಗರಿಷ್ಠ 2,500. ಒಂದು ಫಾರಂಗೆ, ಒಬ್ಬರಿಗೆ, ಒಂದು ವರ್ಷಕ್ಕೆ. ಗಂಡ ಹೆಂಡತಿ ಇಬ್ಬರದೂ ನಾಲ್ಕು ವರ್ಷ ಬಿಟ್ಟುಹೋಗಿದ್ದರೆ 20,000, ಮೇಲೆ ಬಡ್ಡಿ. ಗೊತ್ತಿದ್ದೂ ಅಥವಾ ತೀರಾ ನಿರ್ಲಕ್ಷ್ಯದಿಂದ ಬಿಟ್ಟದ್ದೆಂದು ಸಾಬೀತಾದರೆ ಲೆಕ್ಕ ತಿಂಗಳಿಗೆ 500ಕ್ಕೆ ಏರುತ್ತದೆ, 24 ತಿಂಗಳವರೆಗೆ. ವಿದೇಶಿ ಆಸ್ತಿಯ ಆದಾಯವನ್ನೂ ತೋರಿಸದೆ, ಫಾರಂ ಅನ್ನೂ ಸಕಾಲಕ್ಕೆ ಸರಿಯಾಗಿ ಕೊಡದೆ ಇದ್ದರೆ ಆ ವರ್ಷದ ರಿಟರ್ನನ್ನು ಮತ್ತೆ ತೆರೆಯಲು ಸಿಆರ್‌ಎಗೆ ಮಾಮೂಲಿಗಿಂತ ಮೂರು ವರ್ಷ ಹೆಚ್ಚು ಸಿಗುತ್ತದೆ.

ಗಡುವು ದಾಟಿ ಕೆಲವೇ ದಿನವಾಗಿದ್ದರೆ ಯೋಚಿಸುತ್ತಾ ಕೂರಬೇಡಿ, ಕಳಿಸಿಬಿಡಿ. ದಿನಕ್ಕೆ 25 ಓಡುತ್ತಿದೆ.

ಹಲವು ವರ್ಷ ಬಿಟ್ಟುಹೋಗಿದ್ದರೆ ಒಂದೊಂದೇ ಫಾರಂ ಕಳಿಸಲು ಹೋಗಬೇಡಿ. ಇದು ನಾನು ಕಾಣುವ ಅತಿ ದುಬಾರಿ ತಪ್ಪು. ಈ ವರ್ಷದ್ದನ್ನು ಮೊದಲು ಕಳಿಸಿ, ‘ಹಳೆಯದನ್ನು ಆಮೇಲೆ ನೋಡೋಣ’ ಎಂದರೆ, ಹಿಂದಿನ ವರ್ಷಗಳ ಬಗ್ಗೆ ನೀವೇ ಸುಳಿವು ಕೊಟ್ಟಂತೆ. ಮೊದಲು ಸ್ವಯಂಪ್ರೇರಿತ ಬಹಿರಂಗಪಡಿಸುವಿಕೆಯ ಅರ್ಜಿ, ಆರ್‌ಸಿ199. 2025ರ ಅಕ್ಟೋಬರ್ 1ರಿಂದ ಇದರ ನಿಯಮ ಬದಲಾಗಿದೆ. ಸಿಆರ್‌ಎ ಕಡೆಯಿಂದ ಯಾವ ಎಚ್ಚರಿಕೆಯೂ ಬರುವ ಮುಂಚೆ ತಾವಾಗಿ ಹೋದವರಿಗೆ ದಂಡ ಪೂರ್ತಿ ಮನ್ನಾ, ಬಡ್ಡಿಯಲ್ಲಿ 75 ಶೇಕಡ ರಿಯಾಯಿತಿ. ನಿರ್ದಿಷ್ಟ ತಪ್ಪಿನ ಬಗ್ಗೆ ಪತ್ರ ಬಂದ ಮೇಲೆ ಹೋದರೆ ಬಡ್ಡಿಯಲ್ಲಿ 25 ಶೇಕಡ ಮಾತ್ರ, ದಂಡದಲ್ಲಿ ಎಷ್ಟು ಮನ್ನಾ ಎಂಬುದು ಅವರ ಕೈಯಲ್ಲಿ. ವಿದೇಶಿ ಆಸ್ತಿ, ಆದಾಯದ ವಿಷಯಕ್ಕೆ ಹತ್ತು ವರ್ಷದವರೆಗಿನ ಕಾಗದ ಕೇಳುತ್ತಾರೆ. ಆಡಿಟ್ ಶುರುವಾಗಿದ್ದರೆ ಈ ಬಾಗಿಲು ಮುಚ್ಚಿದಂತೆ.

ಮೊತ್ತ ದೊಡ್ಡದಿದ್ದರೆ, ಅಥವಾ ಬೇಕೆಂದೇ ಮುಚ್ಚಿಟ್ಟ ವಾಸನೆ ಬಂದರೆ, ಅರ್ಜಿಯನ್ನು ನೀವು ಬರೆಯಬೇಡಿ. ಕೆನಡಾದಲ್ಲಿ ವಕೀಲರ ಜೊತೆಗಿನ ಮಾತಿಗೆ ಗೌಪ್ಯತೆಯ ರಕ್ಷಣೆಯಿದೆ, ಲೆಕ್ಕಿಗರ ಮತ್ತು ಸಲಹೆಗಾರರ ಜೊತೆಗಿನ ಮಾತಿಗೆ ಅಂಥದ್ದು ಇಲ್ಲ. ಗ್ರಾಹಕರು ಪೂರ್ತಿ ಕತೆ ಬಿಚ್ಚುವ ಮುಂಚೆಯೇ ತೆರಿಗೆ ವಕೀಲರ ಬಳಿ ಕಳಿಸಿ.

ಬ್ರಾಂಪ್ಟನ್‌ನ ಅಂಕಲ್ ಫೈಲು ಆ ದಾರಿಯಲ್ಲೇ ಹೋಯಿತು. ತುಮಕೂರಿನ ಮೌಲ್ಯಮಾಪಕರ ವರದಿಗೆ ಆರು ವಾರ, ಹಳೇ ಸ್ಟೇಟ್‌ಮೆಂಟಿಗೆ ಎರಡು ತಿಂಗಳು. ಅವರ ಮುಂದಿನ ವರ್ಷದ ಪ್ರಶ್ನಾವಳಿಯ ಮೇಲ್ಭಾಗದಲ್ಲಿ ನಾನು ಕೈಯಲ್ಲೇ ಬರೆದಿದ್ದೆ: ‘ಊರಲ್ಲಿ ಏನೇನಿದೆ?’ ಉತ್ತರ ಎರಡು ಪುಟ ಬಂತು, ಕೊನೆಯ ಸಾಲಿನಲ್ಲಿ ತೆಂಗಿನ ತೋಟವೂ ಇತ್ತು.